ಒಬ್ಬರೂ ಬೀಳದ ಗುಂಪು

ಮೂವತ್ತೊಂದು ವರ್ಷ ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಂತು ಟಿಕೆಟ್ ಹರಿದವನು ನಾನು. ಡ್ರೈವರ್ ಬ್ರೇಕ್ ಹಾಕಿದಾಗ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರೆ ನಾನು ಮಾತ್ರ ನಿಂತಲ್ಲೇ ನಿಂತು "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತಿದ್ದೆ. ಅಂಥವನು ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅಲುಗಾಡದ ನೆಲದ ಮೇಲೆ, ಪ್ಯಾಂಟ್ ಹಾಕಿಕೊಳ್ಳುವಾಗ ಬಿದ್ದೆ ಎಂದು ಯಾವ ಬಾಯಿಂದ ಹೇಳಲಿ?

ಆದರೆ ಹೇಳಲೇಬೇಕೆಂಬ ಕರಾರಿತ್ತು. ಆಸ್ಪತ್ರೆಯ ಹಿಂದಿನ ದೊಡ್ಡ ಹಾಲ್‌ನಲ್ಲಿ ಒಬ್ಬ ಸಂಶೋಧಕಿ, ವಯಸ್ಸಾದವರು ಬೀಳದಂತೆ ಏನು ಮಾಡಬೇಕು ಎಂದು ಅಧ್ಯಯನ ನಡೆಸುತ್ತಾರೆ. "ನಾನು ಔಷಧಿ ಕೊಡೋ ಡಾಕ್ಟರಲ್ಲ" ಎಂದು ಎರಡು ಸಲ ತಿದ್ದಿ ನೋಡಿದರು. ನಾವು ಡಾಕ್ಟರಮ್ಮ ಎನ್ನುವುದನ್ನು ಬಿಡಲಿಲ್ಲ, ಅವರೇ ಸೋತರು. ನಮ್ಮದು ಹನ್ನೊಂದು ಜನರ ಗುಂಪು. ವಾರಕ್ಕೆರಡು ದಿನ ನಮ್ಮ ಸೊಂಟಕ್ಕೂ ಎದೆಗೂ ಪಟ್ಟಿ ಬಿಗಿದು, ಸೂರಿನ ಕೊಕ್ಕೆಗೆ ಸಿಕ್ಕಿಸಿ, ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ. ನಡೆಯುತ್ತಿರುವಾಗಲೇ ಅದು ಹೇಳದೆ ಕೇಳದೆ ಗಕ್ಕನೆ ಜಗ್ಗುತ್ತದೆ. ನಾವು ಪಟ್ಟನೆ ಹೆಜ್ಜೆ ಹಾಕಿ ಸಾವರಿಸಿಕೊಳ್ಳಬೇಕು. ಅದರಲ್ಲಿ ನನ್ನನ್ನು ಮೀರಿಸಿದವರಿಲ್ಲ, ಇದನ್ನು ನಾನೇ ಹೇಳಬೇಕಾಗಿ ಬಂದದ್ದಷ್ಟೇ ಬೇಜಾರು.

ಆಮೇಲೆ ಚಾಪೆಯ ಪಾಠ. ಅಂಗಾತ ಬಿದ್ದವನು ಮೊದಲು ಮಗ್ಗುಲಾಗಬೇಕು, ಕೈ ಮಂಡಿ ಊರಬೇಕು, ಕುರ್ಚಿಯವರೆಗೆ ಅಂಬೆಗಾಲಿಡಬೇಕು, ಒಂದು ಪಾದ ಊರಿ ಏಳಬೇಕು. ಮನೆಗೆ ಒಂದೊಂದು ಕ್ಯಾಲೆಂಡರನ್ನೂ ಕೊಟ್ಟಿದ್ದರು. ಬಿದ್ದ ದಿನಕ್ಕೆ ಕೆಂಪು, ಬೀಳದ ದಿನಕ್ಕೆ ಹಸಿರು ಬಳಿದು ತಿಂಗಳ ಕೊನೆಗೆ ಒಪ್ಪಿಸಬೇಕು.

ನನ್ನ ಕ್ಯಾಲೆಂಡರ್ ಮಳೆಗಾಲದ ಹುಲ್ಲಿನಂತೆ ಹಸಿರೋ ಹಸಿರು. ಅದಕ್ಕೆ ಕಾರಣ ನನ್ನ ಮಗಳು. ನಾವಿಬ್ಬರೇ ಇರುವ ಮನೆ, ಅವಳು ಬೆಳಗ್ಗೆ ಆಫೀಸಿಗೆ ಹೋದರೆ ಬರುವುದು ಸಂಜೆ. ನಾನಿರುವುದು ಮಹಡಿಯ ಕೋಣೆಯಲ್ಲಿ. ಅಲ್ಲಿನ ಕಿಟಕಿಯಿಂದ ಬಸ್ ಡಿಪೋದ ಗೇಟು ಕಾಣುತ್ತದೆ. ಯಾವ ಬಸ್ಸು ಎಷ್ಟು ತಡ, ಯಾವ ಡ್ರೈವರ್ ಗೇಟಿಗೆ ಒರೆಸಿಕೊಂಡು ಹೋದ, ಎಲ್ಲ ನನಗೆ ಗೊತ್ತಾಗಬೇಕು. ಹೋದ ವರ್ಷ ಬಚ್ಚಲಲ್ಲಿ ಜಾರಿದಾಗ ಮಗಳು ಖಡಾಖಂಡಿತ ಹೇಳಿದ್ದಳು: "ಇನ್ನೊಂದ್ಸಲ ಬಿದ್ರೆ ಕೆಳಗಡೆ ರೂಮಿಗೆ ಬರ್ಬೇಕು ಅಪ್ಪ. ಮಾತೇ ಇಲ್ಲ." ಕೆಳಗಿನ ಕೋಣೆಯಿಂದ ಕಾಣುವುದು ಪಕ್ಕದ ಮನೆಯ ಗೋಡೆ. ಗೋಡೆ ಯಾವತ್ತೂ ತಡವಾಗಿ ಬರುವುದಿಲ್ಲ, ಅದನ್ನೇನು ನೋಡುವುದು?

ಆ ಬೆಳಗ್ಗೆ ಎಡಗಾಲು ಪ್ಯಾಂಟಿನೊಳಗೆ ಸಲೀಸಾಗಿ ಹೋಯಿತು. ಬಲಗಾಲಿನ ಹೆಬ್ಬೆರಳು ಹೊಲಿಗೆಗೆ ಸಿಕ್ಕಿಕೊಂಡಿತು. ಮರುಕ್ಷಣ ನಾನು ಸೂರು ನೋಡುತ್ತಿದ್ದೆ. ಮನೆಯಲ್ಲಿ ನರಪಿಳ್ಳೆಯೂ ಇಲ್ಲ. ಆಗ ಕಿವಿಯಲ್ಲಿ ಡಾಕ್ಟರಮ್ಮನ ದನಿ ಕೇಳಿದಂತಾಯಿತು: "ಅವಸರ ಬೇಡ. ಮೊದ್ಲು ಉಸಿರು ತಗೊಳ್ಳಿ." ಮಗ್ಗುಲಾದೆ, ಮಂಡಿ ಊರಿದೆ, ಅರ್ಧ ಪ್ಯಾಂಟ್ ಎಳೆದುಕೊಂಡೇ ಕುರ್ಚಿಯವರೆಗೆ ತೆವಳಿ ಎದ್ದು ನಿಂತೆ. ಎಷ್ಟು ಖುಷಿಯಾಯಿತೆಂದರೆ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತಿತ್ತು. ಹೇಳಲಿಲ್ಲ. ಹಸಿರು ಪೆನ್ಸಿಲ್ ತೆಗೆದುಕೊಂಡೆ.

ಆರನೆಯ ತಿಂಗಳು ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದರು. ಮಗಳು ರಜೆ ಹಾಕಿ ಬಂದು ನನ್ನ ಪಕ್ಕದಲ್ಲೇ ಕೂತಳು. ಡಾಕ್ಟರಮ್ಮ ಕಾಗದಗಳ ಕಟ್ಟು ಹಿಡಿದು ಒಳಗೆ ಬಂದಾಗ ಮುಖ ಸಪ್ಪಗಿತ್ತು.

"ನಿಮ್ಮ ಗುಂಪಲ್ಲಿ ಆರು ತಿಂಗಳಿಂದ ಒಬ್ಬರೂ ಬಿದ್ದಿಲ್ಲ" ಎಂದರು. ನಾವು ಜೋರಾಗಿ ಚಪ್ಪಾಳೆ ತಟ್ಟಿದೆವು. ಅವರು ನಗಲಿಲ್ಲ. "ಇದನ್ನ ಬರೆದ್ರೆ ಯಾರೂ ನಂಬಲ್ಲ. ನಾನೇ ನಂಬ್ತಿಲ್ಲ. ನಿಜ ಗೊತ್ತಾಗದೇ ಇದ್ರೆ ಈ ಕ್ಲಾಸಿಂದ ಉಪಯೋಗ ಇದ್ಯಾ ಇಲ್ವಾ ಅಂತ ಹೇಗೆ ಹೇಳ್ಲಿ? ಈ ಗುಂಪನ್ನ ಕೈ ಬಿಡಬೇಕಾಗತ್ತೆ."

ಎಲ್ಲರೂ ತಮ್ಮ ತಮ್ಮ ಪಾದ ನೋಡಿಕೊಂಡರು. ಕೊನೆಗೆ ನಮ್ಮ ಗುಂಪಿನ ಟೈಲರಮ್ಮ ಕೈ ಎತ್ತಿದರು.

"ನಾನು ಬಿದ್ದಿದ್ದೆ ಡಾಕ್ಟರಮ್ಮ. ಮೆಷಿನ್ ಹತ್ರ, ಬಟ್ಟೆ ತುಂಡು ತುಳಿದು. ನೀವು ಇಷ್ಟು ಮುತುವರ್ಜಿಯಿಂದ ಹೇಳಿಕೊಡ್ತೀರಿ, ಬಿದ್ದೆ ಅಂದ್ರೆ ನೊಂದ್ಕೊತೀರಿ ಅಂತ ಹಸಿರು ಬಳಿದೆ."

"ನಾನು ಎರಡು ಸಲ" ಎಂದರು ಡ್ರಿಲ್ ಮೇಷ್ಟ್ರು. "ಒಂದ್ಸಲ ನಾಯಿ ಹಗ್ಗ ಕಾಲಿಗೆ ಸಿಕ್ಕಿ. ಇನ್ನೊಂದ್ಸಲ, ಬೀಳದ ಹಾಗೆ ಪ್ರಾಕ್ಟೀಸ್ ಮಾಡೋವಾಗ."

ಯಾರೋ ಕಿಸಕ್ಕೆಂದರು. ಆಮೇಲೆ ತಡೆಯುವವರಿಲ್ಲ, ನಾ ಮುಂದು ತಾ ಮುಂದು ಎಂದು ತಾವು ಬಿದ್ದ, ತಾವೇ ಎದ್ದ ಕಥೆ ಹೇಳತೊಡಗಿದರು. ಡಾಕ್ಟರಮ್ಮ ಸಿಟ್ಟು ಮರೆತು ಬರೆದುಕೊಳ್ಳುತ್ತಿದ್ದರು. ಒಂಬತ್ತು ಜನರಾದ ಮೇಲೆ ನನ್ನತ್ತ ತಿರುಗಿದರು. "ಕಂಡಕ್ಟರ್ ಸರ್?"

"ನಮ್ಮಪ್ಪ ಬಿದ್ದಿಲ್ಲ ಮೇಡಂ" ಎಂದಳು ಮಗಳು. ಆ ದನಿಯಲ್ಲಿದ್ದ ಹೆಮ್ಮೆ ನನ್ನನ್ನು ಚುಚ್ಚಿತು. ತುಟಿ ಪಿಟಕ್ಕೆನ್ನದೆ ಕೂತಿದ್ದರೆ ಮಹಡಿಯ ಕೋಣೆ ಉಳಿಯುತ್ತಿತ್ತು.

"ಬಿದ್ದೆ" ಎಂದೆ. ಪ್ಯಾಂಟಿನ ಸಂಗತಿಯನ್ನೂ ಹೇಳಿದೆ.

ಮಗಳ ಮುಖ ಬಿಳಿಚಿತು. "ಯಾರು ಎತ್ತಿದ್ರು?"

"ನಾನೇ ಎದ್ದೆ."

"ಸುಳ್ಳು ಹೇಳ್ಬೇಡ ಅಪ್ಪ."

ನನಗೆ ರೇಗಿತು. ಚಪ್ಪಲಿ ಬಿಟ್ಟು ಹಾಲ್ ನಡುವೆ ಚಾಪೆಯ ಮೇಲೆ ಅಂಗಾತ ಮಲಗಿದೆ. ಉಸಿರು ತೆಗೆದುಕೊಂಡು, ಮಗ್ಗುಲಾಗಿ, ಮಂಡಿ ಊರಿ, ಕುರ್ಚಿ ಹಿಡಿದು ಎದ್ದೆ. "ಪೂರ್ತಿ ಪ್ಯಾಂಟ್ ಹಾಕ್ಕೊಂಡಿದ್ರೆ ಇನ್ನೂ ಸುಲಭ" ಎಂದೆ. ಟೈಲರಮ್ಮ ಕಣ್ಣೊರೆಸಿಕೊಂಡು ನಕ್ಕರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹನ್ನೊಂದರಲ್ಲಿ ಹತ್ತು ಜನ ಬಿದ್ದಿದ್ದೀರಿ. ಹತ್ತೂ ಜನ ನೀವಾಗೇ ಎದ್ದಿದ್ದೀರಿ. ಹೇಗೆ ಎದ್ರಿ ಅಂತ ನಾನು ಕೇಳೇ ಇಲ್ಲ, ಕ್ಯಾಲೆಂಡರಲ್ಲಿ ಅದಕ್ಕೆ ಜಾಗವೇ ಇಟ್ಟಿಲ್ಲ. ತಪ್ಪು ನನ್ನದೇ. ಹೊಸ ಕ್ಯಾಲೆಂಡರ್ ಮಾಡ್ತೀನಿ. ಮತ್ತೆ ಮೊದಲಿಂದ ಆರು ತಿಂಗಳು ಬರ್ತೀರಾ?"

"ಬರ್ತೀವಿ. ಬೇಕಾದ್ರೆ ಹೊಸದಾಗಿ ಬೀಳ್ತೀವಿ" ಎಂದರು ಮೇಷ್ಟ್ರು. ಡಾಕ್ಟರಮ್ಮ ಅಂದು ಮೊದಲ ಸಲ ನಕ್ಕರು.

ಮಗಳು ಮಾತ್ರ ನಗಲಿಲ್ಲ. "ನೀನು ಬಿದ್ದೆ ಅಂತಲ್ಲ ಅಪ್ಪ ನನಗೆ ಹೆದರಿಕೆ. ಬೆಳಗ್ಗೆ ಬಿದ್ದೋನು ಸಂಜೇವರೆಗೂ ನೆಲದ ಮೇಲೇ ಇರ್ತೀಯೇನೋ ಅಂತ. ದಿನಾ ಬಾಗಿಲು ತೆಗೆಯೋಕೆ ಮೊದ್ಲು ಒಳಗೆ ನಿನ್ನ ಸದ್ದು ಕೇಳತ್ತಾ ಅಂತ ಕಿವಿಗೊಟ್ಟು ನಿಲ್ತೀನಿ" ಎಂದಳು. ಅದು ನನಗೆ ತಿಳಿದೇ ಇರಲಿಲ್ಲ. ಜಬರ್ದಸ್ತು ಮಾಡುತ್ತಾಳೆ ಎಂದಷ್ಟೇ ತಿಳಿದಿದ್ದೆ, ನಾಚಿಕೆಯಾಯಿತು.

"ನೀವೂ ಒಂದ್ಸಲ ಮಲಗಿ ನೋಡಿ" ಎಂದರು ಡಾಕ್ಟರಮ್ಮ ಅವಳಿಗೆ. ಮಗಳು ಮುಜುಗರಪಡುತ್ತಲೇ ಮಲಗಿದಳು. ಏಳಲು ಹೋದರೆ ಬೆನ್ನು ಏಳಲೊಲ್ಲದು. ಇಡೀ ದಿನ ಕುರ್ಚಿಯಲ್ಲಿ ಕೂರುವ ನಲವತ್ತಾರರ ಬೆನ್ನು ಅದು. ಎರಡು ಸಲ ಪ್ರಯತ್ನಿಸಿ ಅವಳಿಗೇ ನಗು ಬಂತು. "ಅಪ್ಪ, ಕೈ ಕೊಡು" ಎಂದಳು.

ಕೈ ಕೊಡಲಿಲ್ಲ. ನಾನೂ ಅವಳ ಪಕ್ಕ ಮಲಗಿದೆ. "ಅವಸರ ಬೇಡ. ಮೊದ್ಲು ಮಗ್ಗುಲಾಗು" ಎಂದೆ. ಅಪ್ಪ ಮಗಳು ಇಬ್ಬರೂ ಅಂಬೆಗಾಲಿಡುತ್ತಾ ಕುರ್ಚಿಯತ್ತ ಹೊರಟೆವು. ಹಾಲ್ ತುಂಬ ಕೇಕೆ, ಶಿಳ್ಳೆ. ಮೊದಲು ಎದ್ದವನು ನಾನು.

ಮಗಳು ಕುರ್ಚಿಯ ಬೆನ್ನು ಹಿಡಿದು ಏದುಸಿರು ಬಿಡುತ್ತಾ ನಿಂತಳು. "ಮಹಡಿ ಮೇಲೇ ಇರು" ಎಂದಳು. "ಆದ್ರೆ ಬಿದ್ದ ದಿನ ನನಗೆ ಫೋನ್ ಮಾಡು."

"ಬಿದ್ದ ತಕ್ಷಣವಾ?"

"ಎದ್ದ ಮೇಲೆ."