ನಿಜಾಮನ ನಾಲ್ಕು ಚೀಟಿ

ಎರಡನೇ ಅಂಚೆಚೀಟಿಯ ಎಡ ಅಂಚಿನಲ್ಲಿ ಮೂರು ಹಲ್ಲು ಮುರಿದಿದ್ದವು. ಪಂಪಮ್ಮ ಭೂತಗನ್ನಡಿಯನ್ನು ಚೌಕಟ್ಟಿನ ಗಾಜಿನಿಂದ ಕೊಂಚ ಎತ್ತಿ, ಮತ್ತೊಮ್ಮೆ ಎಣಿಸಿದಳು. ಮೂರೇ. ನಾಲ್ಕನೇ ಚೀಟಿಯ ಮೇಲೆ ಅಂಚೆಮುದ್ರೆ ಅರ್ಧ ಮಾತ್ರ ಬಿದ್ದಿತ್ತು. ಲಕೋಟೆಯ ಕೆಳಗಿನ ಬಲ ಮೂಲೆಯಲ್ಲಿ ಹುಣಸೆಬೀಜದಷ್ಟು ಅರಿಶಿನದ ಕಲೆ.

ಒಂದು ಫಲಿತಾಂಶ ಬಂದ ಕೂಡಲೇ ನಂಬಬೇಡಿ ಎಂದು, ಅಂಚೆಚೀಟಿ ಪ್ರದರ್ಶನ ನಡೆದಿದ್ದ ಕೊಟ್ಟೂರಿನ ಆ ಕಾಲೇಜಿನಲ್ಲೇ ಹದಿನೆಂಟು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟವಳು ಅವಳು. ಚೀಲದಿಂದ ಹಳೆಯ ಕಾಗದವನ್ನು ತೆಗೆದು, ಅದರಲ್ಲಿ ಬರೆದಿದ್ದ ಒಂದೊಂದು ಗುರುತನ್ನೂ ಲಕೋಟೆಯ ಜೊತೆ ತಾಳೆ ನೋಡಿದಳು. ಐದಕ್ಕೆ ಐದೂ ಕೂಡಿದವು. ಹೊರಗೆ ಹೋಗಿ ತಮ್ಮನಿಗೆ ಫೋನ್ ಮಾಡಿದಳು.

"ಮೌನೇಶ, ಅಪ್ಪನ್ನ ಕರ್ಕೊಂಡು ಹನ್ನೊಂದರ ಬಸ್ಸಿಗೆ ಬಾ."

"ಅವಂಗ ಮಂಡಿ ನೋವೈತಿ. ಯಾಕಬೇ, ಏನಾತು?"

"ಬಿಳಿ ಅಂಗಿ ಹಾಕಿಸ್ಕೊಂಡು ಬಾ. ಉಳಿದದ್ದು ಇಲ್ಲೇ ಹೇಳ್ತೀನಿ."

ಗಾಜಿನ ಹಿಂದಿದ್ದದ್ದು ಹೈದರಾಬಾದಿನ ನಿಜಾಮ ಪಟ್ಟಕ್ಕೇರಿ ಇಪ್ಪತ್ತೈದು ವರ್ಷ ತುಂಬಿದ ಬೆಳ್ಳಿಹಬ್ಬಕ್ಕೆಂದು ಅಚ್ಚಾದ ನಾಲ್ಕು ಚೀಟಿಗಳು. ನಾಲ್ಕೂ ಒಂದೇ ಲಕೋಟೆಯ ಮೇಲೆ ಸಾಲಾಗಿ ಕೂತಿದ್ದವು. ಹೊಳೆಯಾಚೆಯ ಕೊಪ್ಪಳ ನಿಜಾಮನದಾಗಿದ್ದ ಕಾಲದಲ್ಲಿ, ಅಲ್ಲಿ ಅಂಗಡಿ ಇಟ್ಟಿದ್ದ ಒಬ್ಬ ವರ್ತಕನಿಗೆ ಬಂದ ಕಾಗದ ಅದು. ಕೆಳಗೆ ಸಂಗ್ರಾಹಕರ ಹೆಸರು: ಬೆನಕಪ್ಪ, ಹಗರಿಬೊಮ್ಮನಹಳ್ಳಿ. ಪ್ರದರ್ಶನಕ್ಕೆ ಬರುವವರ ಪಟ್ಟಿಯಲ್ಲಿ ಆ ಹೆಸರನ್ನು ಕಂಡ ದಿನದಿಂದಲೇ ಪಂಪಮ್ಮ ಹಳೆಯ ಕಾಗದವನ್ನು ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದಳು.

ಮೂವತ್ತು ವರ್ಷದ ಹಿಂದೆ ಬೆನಕಪ್ಪನ ಮನೆ ಹಂಪಸಾಗರದಲ್ಲಿತ್ತು. ಪಂಪಮ್ಮನ ಅಪ್ಪ ಪಾಲಣ್ಣ ಆ ಊರಿಗೆ ಟಪಾಲು ಹಂಚುತ್ತಿದ್ದ. ದುಬೈಗೆ ದುಡಿಯಲು ಹೋದವರ ಮನೆಗಳಿಗೆ ಬರುವ ಲಕೋಟೆಗಳಿಂದ ಚೀಟಿ ಬಿಡಿಸಿ ತಂದುಕೊಡು ಎಂದು ಬೆನಕಪ್ಪ ಮೂರು ಸಲ ಕೇಳಿದ್ದ. "ಕಾಗದ ಹೆಂಗ ಬಂದೈತೋ ಹಂಗ ಮುಟ್ಟಸ್ತೀನ್ರಿ" ಎಂದು ಪಾಲಣ್ಣ ಮೂರು ಸಲವೂ ಅಂದಿದ್ದ. ಮೂರನೆಯ ಸಲ ಕಟ್ಟೆಯ ಮೇಲೆ ನಾಲ್ಕು ಜನರಿದ್ದರು, ಅವರು ನಕ್ಕರು. ತಿಂಗಳೊಳಗೆ ಬೆನಕಪ್ಪ ದೂರು ಬರೆದ. ರಿಜಿಸ್ಟರ್ ಕಾಗದ ಕೊಡಲು ಪಡಸಾಲೆಗೆ ಬಂದ ಪಾಲಣ್ಣ ತನ್ನ ಅಜ್ಜನ ಲಕೋಟೆ ಕದ್ದಿದ್ದಾನೆ ಎಂದು.

ವಿಚಾರಣೆಯಲ್ಲಿ ಏನೂ ಸಾಬೀತಾಗಲಿಲ್ಲ. ಸಾಬೀತಾಗುವ ಅಗತ್ಯವೂ ಊರಿಗೆ ಇರಲಿಲ್ಲ. ಒಳಗೆ ಕರೆದು ಕಾಗದ ಓದಿಸಿಕೊಂಡು, ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದ ಹೆಂಗಸರು ಹೊಸ್ತಿಲಲ್ಲೇ ನಿಂತು ಕೈ ಚಾಚತೊಡಗಿದರು. ಕೆಲವರು ಅವನೆದುರಿಗೇ ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆರು ತಿಂಗಳು ತಡೆದು ಪಾಲಣ್ಣ ಟಪಾಲು ಚೀಲವನ್ನು ಒಪ್ಪಿಸಿ ಕೆಲಸ ಬಿಟ್ಟು ಬಂದ. ಎಂಟನೇ ಕ್ಲಾಸಿನಲ್ಲಿದ್ದ ಪಂಪಮ್ಮನಿಗೆ ಶಾಲೆಯಲ್ಲಿ ಬೇರೆಯದೇ ಹೆಸರು ಬಿತ್ತು: ಸ್ಟಾಂಪ್ ಕಳ್ಳನ ಮಗಳು. ವಿಚಾರಣೆಗೆಂದು ಅಪ್ಪನಿಗೆ ಕೊಟ್ಟಿದ್ದ ದೂರಿನ ಝೆರಾಕ್ಸ್ ನಕಲನ್ನು ಅವಳು ಪಠ್ಯದಂತೆ ಬಾಯಿಪಾಠ ಮಾಡಿದ್ದಳು.

ಹನ್ನೆರಡಕ್ಕೆ ಬೆನಕಪ್ಪ ಬಂದ. ಇಸ್ತ್ರಿ ಮಾಡಿದ ಪಂಚೆ, ಹಣೆಗೆ ವಿಭೂತಿ, ಒಂದು ಕೈ ಊರುಗೋಲಿನ ಮೇಲೆ, ಇನ್ನೊಂದು ಮೊಮ್ಮಗಳ ಹೆಗಲ ಮೇಲೆ. ಮೊಮ್ಮಗಳು ಕ್ರಾಂತಿ ಇದೇ ಕಾಲೇಜಿನ ಬಿ.ಎಸ್ಸಿ. ಹುಡುಗಿ.

"ಅಜ್ಜ, ಇವ್ರೇ ನಮ್ಮ ಕೆಮಿಸ್ಟ್ರಿ ಮೇಡಂ."

"ಶರಣ್ರಿ ತಾಯಿ. ಯಾವೂರಾತು ನಿಮ್ದು?"

"ಇಲ್ಲೇ ಹೊಳಿ ಕಡಿಗೆ ಬರ್ತೈತ್ರಿ," ಎಂದಳು ಪಂಪಮ್ಮ. ಕುರ್ಚಿ ಹಾಕಿಸಿದಳು, ನೀರು ತರಿಸಿದಳು. ಕೊಪ್ಪಳದ ಹಳೆಯ ಪೇಟೆಯ ಬಗ್ಗೆ ಕೇಳಿದಳು. ಹೆದರಿಸಿದರೆ ಅವನು ಬಾಯಿ ಮುಚ್ಚುತ್ತಾನೆಂದು ಅವಳಿಗೆ ಗೊತ್ತಿತ್ತು.

"ಈ ಕವರು ನಡುವ ಎಲ್ಲೆರ ಕೈ ಬದಲಾಗಿತ್ತೇನ್ರಿ? ಕಳದು, ತಿರುಗಿ ಸಿಕ್ಕದ್ದು, ಹಂಗೇನರ?"

"ಛೇ ಛೇ!" ಬೆನಕಪ್ಪ ಕೋಲನ್ನು ನೆಲಕ್ಕೆ ಕುಟ್ಟಿದ. "ನಮ್ಮಜ್ಜ ಇಟ್ಟದ್ದು, ನಮ್ಮಪ್ಪ ಕಾದದ್ದು. ನನ್ನ ಕಪಾಟು ಬಿಟ್ಟು ಒಂದಿನ ಹೊರಗ ಮಲಗಿಲ್ಲ ಅದು. ಹೇಣ್ತಿಗೂ ಮುಟ್ಟಾಕ ಕೊಟ್ಟಿಲ್ಲ ನಾನು!"

ಸುತ್ತಲಿದ್ದವರು ನಕ್ಕರು. ಪಂಪಮ್ಮನೂ ನಕ್ಕಳು.

"ಅದನ್ನ ಹಂಗೇ ಬರದು ಸಹಿ ಮಾಡಿಕೊಡ್ರಿ. ಚೌಕಟ್ಟಿನ ಬಾಜೂಕ ಹಚ್ಚತೀವಿ. ಜನ ಓದ್ಲಿ."

ಬೆನಕಪ್ಪ ತೊಡೆಯ ಮೇಲೆ ಹಲಗೆಯಿಟ್ಟು ನಿಧಾನವಾಗಿ ಬರೆದ. ಅಜ್ಜನ ಕಾಲದಿಂದ ಇಂದಿನವರೆಗೆ ಎಂದೂ ಕಳೆಯದೆ, ಎಂದೂ ಮನೆ ಬಿಡದೆ. ಸಹಿಯ ಕೊನೆಯ ಸುತ್ತು ದೂರಿನಲ್ಲಿದ್ದ ಹಳೆಯ ಸುತ್ತೇ. ಆ ಸುತ್ತು ಮುಗಿಯುವ ತನಕ ಪಂಪಮ್ಮ ಪೆನ್ನಿನ ತುದಿಯಿಂದ ಕಣ್ಣು ತೆಗೆಯಲಿಲ್ಲ. ಆ ಹಾಳೆಯನ್ನು ಚೌಕಟ್ಟಿನ ಬಲಕ್ಕೆ ಪಿನ್ ಮಾಡಿದಳು. ಎಡಕ್ಕೆ ಚೀಲದಲ್ಲಿದ್ದ ಹಳೆಯ ಕಾಗದವನ್ನು ಚುಚ್ಚಿದಳು. ಆಮೇಲೆ ತಿರುಗಿ, "ಕ್ರಾಂತಿ, ಈ ಹಳೇದನ್ನ ಜೋರಾಗಿ ಓದವ್ವ. ಹಿಂದಿನವರಿಗೂ ಕೇಳ್ಬೇಕು" ಎಂದಳು.

ಹುಡುಗಿ ಅಜ್ಜನ ಅಕ್ಷರ ಗುರುತಿಸಿ ಹಿಗ್ಗಿದಳು. ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. "ನಿಜಾಮರ ಬೆಳ್ಳಿಹಬ್ಬದ ನಾಲ್ಕು ಚೀಟಿಗಳುಳ್ಳ, ಎರಡನೇ ಚೀಟಿಯ ಮೂರು ಹಲ್ಲು ಮುರಿದ, ಮೂಲೆಯಲ್ಲಿ ಅರಿಶಿನದ ಕಲೆಯಿರುವ ನಮ್ಮ ಲಕೋಟೆಯನ್ನು..." ಅವಳ ದನಿ ಇಳಿಯಿತು. "ಟಪಾಲಿನ ಪಾಲಣ್ಣ ಎಂಬುವನು... ಕದ್ದಿರುತ್ತಾನೆ."

"ಪೂರಾ ಓದು. ತಾರೀಖು, ಸಹಿ."

ಓದಿದಳು. ಸಭಾಂಗಣದಲ್ಲಿದ್ದವರು ಚೌಕಟ್ಟಿನ ಸುತ್ತ ಸರಿದು ಬಂದರು. ಕಾಲೇಜಿನ ಗುಮಾಸ್ತ ಅಮರೇಶ್ ಎಡದ ಕಾಗದ, ಬಲದ ಕಾಗದ, ನಡುವಿನ ಲಕೋಟೆ, ಮೂರನ್ನೂ ನೋಡಿ, "ಅಲ್ರೀ ಯಜಮಾನ್ರ, ಒಂದಿನಾನೂ ಹೊರಗ ಹೋಗಿಲ್ಲ ಅಂದ್ರಲ್ರಿ ಈಗ?" ಎಂದ.

"ಅದು... ಬ್ಯಾರೆ..." ಬೆನಕಪ್ಪ ಏಳಲು ನೋಡಿದ. ಕೋಲು ಜಾರಿತು. ಯಾರೂ ಎತ್ತಿಕೊಡಲಿಲ್ಲ. "ನೀ ಯಾರವ್ವ?"

"ಪಾಲಣ್ಣನ ಮಗಳ್ರಿ. ಸ್ಟಾಂಪ್ ಕಳ್ಳನ ಮಗಳು."

ಕ್ರಾಂತಿ ಅಜ್ಜನ ಕುರ್ಚಿಯಿಂದ ಒಂದು ಹೆಜ್ಜೆ ದೂರ ಸರಿದಳು. ಬೆನಕಪ್ಪನ ಕೈ ಅವಳ ಹೆಗಲಿದ್ದ ಕಡೆ ಗಾಳಿಯಲ್ಲಿ ತಡಕಾಡಿತು. ಪಾಪ ಅನ್ನಿಸಬೇಕಿತ್ತು. ಪಂಪಮ್ಮ ಕಾದು ನೋಡಿದಳು. ಅನ್ನಿಸಲಿಲ್ಲ. ಹನ್ನೆರಡೂ ಮುಕ್ಕಾಲು ಆಗಿತ್ತು. "ಕುಂದರ್ರಿ," ಎಂದಳು. "ಅಪ್ಪ ಬರ್ತಾ ಅದಾನ."

ಒಂದು ಗಂಟೆಗೆ ಪಾಲಣ್ಣ ಬಿಳಿ ಅಂಗಿಯಲ್ಲಿ, ಮೌನೇಶನ ತೋಳು ಹಿಡಿದು ಬಂದ. ಮೌನೇಶ ಬಸ್ಸಿನಿಂದ ಇಳಿಯುತ್ತಲೇ ಅಕ್ಕನಿಗೆ ಫೋನ್ ಮಾಡಿ, ಎಲ್ಲ ಕೇಳಿ ಅಪ್ಪನಿಗೆ ಹೇಳಿದ್ದ. ಜನ ದಾರಿ ಬಿಟ್ಟರು. ಬೆನಕಪ್ಪ ಕುರ್ಚಿಯಿಂದಲೇ, "ಪಾಲಣ್ಣ, ತಪ್ಪಾತೋ..." ಎಂದು ಎರಡೂ ಕೈ ಎತ್ತಿದ. ಪಂಪಮ್ಮ ಈ ಕ್ಷಣಕ್ಕಾಗಿ ಅಪ್ಪನ ಬಾಯಿಗೆ ಮೂವತ್ತು ವರ್ಷದಿಂದ ಮಾತುಗಳನ್ನು ಕೂಡಿಟ್ಟಿದ್ದಳು. ಪಾಲಣ್ಣ ಆ ಕಡೆ ತಿರುಗಲೂ ಇಲ್ಲ.

"ಯಾವುದವ್ವ ಅದು?" ಎಂದ.

ಅವಳು ತೋರಿಸಿದಳು. ಅವನು ಬಗ್ಗಿದ. ನಾಲ್ಕು ಚೀಟಿಗಳನ್ನು ಒಂದೊಂದಾಗಿ ನೋಡಿದ, ವಿಳಾಸವನ್ನು ತುಟಿಯಲ್ಲೇ ಓದಿಕೊಂಡ.

"ಇದಾ?" ಎಂದ. "ಇಷ್ಟ ಸಣ್ಣದಾ?"

ಅವನು ಇನ್ನಷ್ಟು ಹತ್ತಿರ ಹೋದ. ಉಸಿರು ತಾಗಿ ಗಾಜು ಮಬ್ಬಾಯಿತು. ಅಂಗಿಯ ತೋಳಿನಿಂದ ಒರೆಸಿದ. ಮತ್ತೆ ಬಗ್ಗಿದ, ಮತ್ತೆ ಮಬ್ಬಾಯಿತು.