ಬ್ರೇಕಿಲ್ಲದ ಸವಾರಿ

ಊಟ ಮುಗಿಸಿ ಸೊಸೆ ಹಿತ್ತಲಿನ ಶೆಡ್ಡಿಗೆ ಬಂದರೆ ಬೈಕ್ ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆಯೊಂದೇ ಉಳಿದಿತ್ತು. ಮೊಳೆಗೆ ತಗುಲಿಸಿದ್ದ ಮಾವನ ಹೆಲ್ಮೆಟ್ಟೂ ಕಾಣಲಿಲ್ಲ.

ಅಂತೂ ಹೊರಟೇಬಿಟ್ಟರು ಎಂದು ಅವಳಿಗೆ ನಗು ಬಂತು. ಮಾವ ಬಸ್ ಓಡಿಸಿ ನಿವೃತ್ತರಾದವರು, ಅವಳು ಪಂಪ್ ರಿಪೇರಿ ಅಂಗಡಿಯಲ್ಲಿ ದುಡಿಯುವವಳು. ಗುಜರಿಯಲ್ಲಿ ಅಸ್ಥಿಪಂಜರವಾಗಿ ಬಿದ್ದಿದ್ದ ಆ ಹಳೇ ಬೈಕನ್ನು ಇಬ್ಬರೂ ಸೇರಿ ತಂದು, ತುಕ್ಕು ಉಜ್ಜಿ, ಎಂಜಿನ್ ಬಿಚ್ಚಿ ಕಟ್ಟಿ, ಇಡೀ ಮಳೆಗಾಲವನ್ನು ಶೆಡ್ಡಿನಲ್ಲೇ ಕಳೆದಿದ್ದರು. "ನಿಮ್ಮಿಬ್ರ ಊಟಾನೂ ಅದರ ಟ್ಯಾಂಕಿಗೇ ಸುರಿದುಬಿಡ್ಲಾ?" ಎಂದು ಅತ್ತೆ ಗೊಣಗುತ್ತಿದ್ದರು.

ಆಗ ಅವಳ ಕಣ್ಣು ಮೇಜಿನ ಮೇಲೆ ಬಿತ್ತು. ಕಿರುಬೆರಳಿಗಿಂತ ಸಣ್ಣದೊಂದು ಪಿನ್. ಬೈಕಿನ ಹಿಂದಿನ ಬ್ರೇಕಿನದು.

ಮಾವನ ಮಂಡಿನೋವಿಗೆ ಹೊಂದುವಂತೆ ಅವಳು ಬೆಳಿಗ್ಗೆ ಕಾಲಿಡುವ ಕಂಬಿಯನ್ನೂ ಬ್ರೇಕ್ ಪೆಡಲನ್ನೂ ಸ್ವಲ್ಪ ಹಿಂದಕ್ಕೆ ಸರಿಸಿದ್ದಳು. ಹಿಂದಿನ ಬ್ರೇಕಿನ ರಾಡು ಉದ್ದವಾಯಿತು. ಕತ್ತರಿಸಬೇಕೆಂದು ಅದನ್ನು ಪೆಡಲಿಗೆ ಹಿಡಿದಿಡುವ ಪಿನ್ ತೆಗೆದಳು. ಅಷ್ಟರಲ್ಲಿ ಅತ್ತೆ ಊಟಕ್ಕೆ ಕರೆದಿದ್ದರಿಂದ ರಾಡನ್ನು ಹಾಗೇ ಜಾಗದಲ್ಲಿ ಆನಿಸಿಟ್ಟು ಎದ್ದಿದ್ದಳು. ಮೇಲಿಂದ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಮುಂದಿನ ಬ್ರೇಕಿಗಂತೂ ಕೇಬಲ್ಲೇ ಬಂದಿರಲಿಲ್ಲ.

ಮಾವನಿಗೆ ಫೋನ್ ಮಾಡಿದಳು. ಅದು ಪಡಸಾಲೆಯ ಕಿಟಕಿಯಲ್ಲಿ ರಿಂಗಾಯಿತು.

ಪಿನ್ನನ್ನು ಮುಷ್ಟಿಯಲ್ಲಿ ಹಿಡಿದು ಸ್ಕೂಟರ್ ಏರಿದಳು. ಬೀದಿ ಮುಗಿದು ರಸ್ತೆ ಸಿಕ್ಕರೆ ಸ್ವಲ್ಪ ದೂರ ಸಮತಟ್ಟು, ಆಮೇಲೆ ನೇರ ಇಳಿಜಾರು. ಅದರ ಕೆಳಗೆ ಲಾರಿಗಳ ಹೆದ್ದಾರಿ. ಟೈರ್ ಅಂಗಡಿಯವನು ಅವಳನ್ನು ಕಂಡು ಕೈ ತೋರಿಸಿದ. "ಈಗ ತಾನೇ ಹೋದ್ರು ನಿಮ್ಮ ಮಾವ. ಒಳ್ಳೇ ಮದುಮಗನ ಥರ ಕೂತಿದ್ರು."

ಶಾಲೆಯ ಕಾಂಪೌಂಡ್ ದಾಟಿದ ಮೇಲೆ ಅವರು ಕಂಡರು. ಅವಳು ಹಾರ್ನ್ ಹೊಡೆದಳು, ಕೂಗಿದಳು. ಮಾವ ಒಮ್ಮೆ ತಿರುಗಿ ನೋಡಿ ನಕ್ಕರು. ಸೊಸೆ ಪಂದ್ಯಕ್ಕೆ ಬಂದಿದ್ದಾಳೆ ಎಂದುಕೊಂಡರೋ ಏನೋ, ವೇಗ ಹೆಚ್ಚಿಸಿದರು.

ಮುಂದೆ ಹೋಗಿ ಅಡ್ಡ ನಿಲ್ಲೋಣವೆಂದರೆ, ನಿಲ್ಲಿಸಲು ಅವರ ಬಳಿ ಏನಿದೆ? ಅವಳು ಸ್ಕೂಟರಿನ ಕಿವಿ ಹಿಂಡಿ ಅವರ ಪಕ್ಕಕ್ಕೆ ಬಂದು, ಎಡಗೈ ಚಾಚಿ ಅಂಗೈ ಬಿಚ್ಚಿದಳು.

ಮಾವ ಕಣ್ಣು ಕಿರಿದು ಮಾಡಿ ನೋಡಿದರು. ಇನ್ನಷ್ಟು ಬಗ್ಗಿ ನೋಡಿದರು. ಆಮೇಲೆ ಅವರ ನಗು ಇಳಿಯಿತು. ಕಾಲು ಪೆಡಲನ್ನು ಒತ್ತಿತು; ಪೆಡಲು ಸತ್ತಂತೆ ಕೆಳಕ್ಕೆ ಹೋಯಿತು. ಅಷ್ಟರಲ್ಲಿ ಇಳಿಜಾರು ಶುರುವಾಗಿತ್ತು.

ಒಂದೊಂದಾಗಿ ಗೇರ್ ಇಳಿಸಿದರು. ಎಂಜಿನ್ ಅರಚಿತು, ವೇಗ ಕುಗ್ಗಿತು, ಆದರೆ ಬೈಕ್ ನಿಲ್ಲಲಿಲ್ಲ. ಕೆಳಗೆ ಲಾರಿಯೊಂದು ಅಡ್ಡ ಹಾದುಹೋಯಿತು. ಅದರ ಹಿಂದೆಯೇ ಇನ್ನೊಂದು.

"ಮಾವ, ಮರಳು! ಎಡಕ್ಕೆ!" ಎಂದು ಅವಳು ಗಂಟಲು ಹರಿಯುವಂತೆ ಕೂಗಿದಳು. ಅರ್ಧ ಕಟ್ಟಿದ ಮನೆಯ ಮುಂದೆ ಮರಳಿನ ರಾಶಿಯಿತ್ತು. ಅವರು ಹ್ಯಾಂಡಲ್ ತಿರುಗಿಸಿದರು. ಮುಂದಿನ ಚಕ್ರ ಮರಳಲ್ಲಿ ಹೂತುಹೋಯಿತು, ಬೈಕ್ ಮಗ್ಗುಲಿಗೆ ಉರುಳಿತು, ಅವರು ರಾಶಿಯ ಆಚೆ ಮಾಯವಾದರು.

ಅವಳು ಓಡಿಹೋದಾಗ ಮಾವ ಅಂಗಾತ ಬಿದ್ದಿದ್ದರು. ಅಲುಗಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಬಾಯಲ್ಲಿದ್ದ ಮರಳು ಉಗಿದರು.

"ಟ್ಯಾಂಕಿಗೆ ಪೆಟ್ಟಾಯ್ತಾ?"

ಅವಳು ಪಕ್ಕದಲ್ಲೇ ಕುಸಿದು ಕೂತು ಅತ್ತಳು. ಅವರ ಮಣಿಕಟ್ಟು ಆಗಲೇ ಊದಿಕೊಳ್ಳುತ್ತಿತ್ತು.

"ಪಿನ್ ತೆಗ್ದಿದೀನಿ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದರು ಮಾವ.

"ಹೊರಟಿದೀನಿ ಅಂತ ನೀವು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಬಿಡ್ತಿದ್ಯಾ?"

"ಬಿಡ್ತಿರ್ಲಿಲ್ಲ."

ಮಾವ ರಸ್ತೆಯ ಕಡೆ ಮುಖ ಮಾಡಿ ಹೇಳಿದರು: "ಕಣ್ಣು ಮಂಜಾಗ್ತಿದೆ ಕಣಮ್ಮ. ದಿನಾ ಒಂದಿಷ್ಟು ಹೆಚ್ಚೇ ಆಗ್ತಿದೆ. ಪೂರ್ತಿ ಹೋಗೋ ಮುಂಚೆ ಒಂದ್ಸಲ ನಾನೇ ಓಡಿಸ್ಬೇಕು ಅನ್ನಿಸ್ತು."

ಈಚೆಗೆ ಸಣ್ಣ ಸ್ಕ್ರೂಗಳನ್ನೆಲ್ಲ "ನನ್ನ ಬೆರಳು ದಪ್ಪ, ನೀನೇ ಹಾಕು" ಎಂದು ಅವಳ ಕೈಗೆ ದಾಟಿಸುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಸೆರಗಿನಿಂದ ಅವರ ಮುಖದ ಮರಳು ಒರೆಸಿದಳು.

ಮನೆಯಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. ಅತ್ತೆ ಎಲ್ಲ ಕೇಳಿಸಿಕೊಂಡು, ಗಂಡನ ಮುಂದೆ ಬಂದು ನಿಂತರು. "ಆ ಕಬ್ಬಿಣದ ಒಂದೊಂದು ನಟ್ಟನ್ನೂ ಬಿಚ್ಚಿ ನೋಡ್ತೀರಿ. ನಿಮ್ಮ ಕಣ್ಣನ್ನ ಯಾರಿಗಾದ್ರೂ ತೋರಿಸಿದ್ರಾ?"

ಮರುದಿನ ಅತ್ತೆಯೇ ಅವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದರು. ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ ಎಂದರು ವೈದ್ಯರು. ಇಷ್ಟಕ್ಕೇ ಅಷ್ಟು ದಿನ ಒಳಗೊಳಗೇ ಕೊರಗಿದ್ದನ್ನು ನೆನೆದು ಮಾವನಿಗೇ ನಾಚಿಕೆಯಾಯಿತು.

ಸೊಸೆ ಹ್ಯಾಂಡಲ್ ನೆಟ್ಟಗೆ ಮಾಡಿದಳು, ಕೇಬಲ್ ಬಂದ ಮೇಲೆ ಎರಡೂ ಬ್ರೇಕ್ ಕೂಡಿಸಿ ಮತ್ತೆಮತ್ತೆ ಒತ್ತಿ ನೋಡಿದಳು. ಆಮೇಲೆ ಬೈಕಿಗೆ ಹಳೇ ಬೆಡ್‌ಶೀಟ್ ಹೊದಿಸಿದಳು. ಮಾವನ ಕಣ್ಣಿನ ಪಟ್ಟಿ ಬಿಚ್ಚುವವರೆಗೂ ಅವಳು ಅದನ್ನು ಸ್ಟಾರ್ಟ್ ಮಾಡಲಿಲ್ಲ.