ಗಿರಣಿ ಮೈದಾನದ ಉತ್ತರ

ಹಾಳೆ ತಿರುವಿದ ಸದ್ದು, ಬಲಗಿವಿಗೆ ಅಷ್ಟಾದರೂ ಕೇಳುತ್ತದೆ, ಎಡಗಿವಿಯನ್ನು ಮೈಕಿನ ಹಾರ್ನ್‌ಗಳೇ ತಿಂದುಹಾಕಿದವು, ಮೂವತ್ತು ವರ್ಷ ಸಭೆ ಸಭೆಗೆ ಮೈಕು ಕಟ್ಟಿದವನಿಗೆ ಇನ್ನೇನು ಉಳಿದೀತು — ತಾತ, ಕೇಳಿಸ್ಕೊಳ್ತಿದ್ದೀಯಾ ಇಲ್ಲ ತೂಕಡಿಸ್ತಿದ್ದೀಯಾ, ಎನ್ನುತ್ತಾಳೆ ತಮ್ಮನ ಮೊಮ್ಮಗಳು, ಕೇಳ್ತಿದ್ದೀನಿ ಓದು ತಾಯಿ, ನಾಲ್ಕು ವರ್ಷ ಕೂತು ಬರೆದ ಪ್ರಬಂಧ, ನಾಳೆ ಒಪ್ಪಿಸಬೇಕು, ನಾನು ಮೈಕು ಕಟ್ಟುತ್ತಿದ್ದ ನಾಯಕರ ವಿಚಾರ ಜನಪ್ರಿಯತಾವಾದವೋ ಅಲ್ಲವೋ ಎಂದು ತೂಗಿ ನೋಡುವುದಂತೆ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಹಾಗಂದ್ರೇನು ಮಗಾ ಅಂದೆ, ಜನ ಅಂದ್ರೆ ನಾನೇ, ನನ್ನ ಒಪ್ಪದೋರು ಜನಾನೇ ಅಲ್ಲ ಅನ್ನೋದು ತಾತ, ಇವರು ಹಾಗಲ್ಲ, ಜನಾನ ಕೇಳ್ತಿದ್ರು, ಉತ್ತರಕ್ಕೆ ಕಾಯ್ತಿದ್ರು, ಗಿರಣಿ ಮೈದಾನದ ಭಾಷಣದ ರೆಕಾರ್ಡಿಂಗ್ ಸಿಕ್ಕಿದೆ ನಂಗೆ, ಕೊನೇ ಅಧ್ಯಾಯ ನಿಂತಿರೋದೇ ಅದರ ಮೇಲೆ.

ಗಿರಣಿ ಮೈದಾನ, ಅಂದು ವೇದಿಕೆಯ ಪಕ್ಕ ನಾನು, ನಾಯಕರು ಕೇಳುತ್ತಾರೆ, ಮುಷ್ಕರ ಹೂಡುವವರನ್ನು ಒಳಗೆ ಹಾಕಬೇಕೇ, ನೀವು ಹೇಳಿದ್ದೇ ಕಾನೂನು — ಒಂದು, ಎರಡು, ಮೂರು ಎಣಿಸಿ ಟೇಪಿನ ಗುಂಡಿ ಒತ್ತಬೇಕು, ನಾಯಕರ ಬೋಳುತಲೆಯ ಕಾರ್ಯದರ್ಶಿ ಕಲಿಸಿದ್ದು, ಬೇಗ ಒತ್ತಬೇಡ ಕಣಯ್ಯ, ಜನಕ್ಕೂ ಸ್ವಲ್ಪ ಯೋಚನೆ ಮಾಡೋಕೆ ಬಿಡು, ಎಂದು ನಕ್ಕ, ನಾನೂ ನಕ್ಕೆ, ಒತ್ತಿದೆ, ಬೇಕು, ಬೇಕು, ಆರು ಹಾರ್ನ್‌ಗಳಿಂದ, ಆಮೇಲೆ ಅಲ್ಲೊಬ್ಬ ಇಲ್ಲೊಬ್ಬ ನಿಜವಾಗಿಯೂ ದನಿಗೂಡಿಸಿದರು, ಟೇಪಿನದೂ ಸುಳ್ಳು ದನಿಯಲ್ಲ, ಹಿಂದಿನ ಬೇಸಿಗೆಯಲ್ಲಿ ಅದೇ ನಾಯಕರು ನಮ್ಮ ಬೀದಿಗೆ ಬಂದು ನಲ್ಲಿ ನೀರು ಬೇಕೇ ಎಂದಾಗ ನಮ್ಮ ಜನ ಹೊಟ್ಟೆಯೊಳಗಿಂದ ಕೂಗಿದ್ದು, ಅದನ್ನು ಟೇಪಿನಲ್ಲಿ ಹಿಡಿದಿಟ್ಟವನೂ ನಾನೇ, ಮೈದಾನದ ಸಭೆಯಾದ ವಾರವೇ, ಮುಷ್ಕರ ಹೂಡಿದನೆಂದು, ಗಿರಣಿಯಿಂದ ನನ್ನ ತಮ್ಮನನ್ನು, ಇವಳ ಸ್ವಂತ ತಾತನನ್ನು, ಪೊಲೀಸರು ಎಳೆದೊಯ್ದರು, ಹೆಣವೂ ಮನೆಗೆ ಬರಲಿಲ್ಲ, ಅವನ ಮಕ್ಕಳನ್ನು ನಾನು ಸಾಕಿದೆ, ದೇವರಂಥ ಮನುಷ್ಯ ಎಂದರು ಬೀದಿಯವರು, ಅದನ್ನೂ ಕೇಳಿಸಿಕೊಂಡೆ — ಈಗ ಹೇಳಬೇಕು, ಹೇಳಿದರೆ ಇವಳ ನಾಲ್ಕು ವರ್ಷ ಮಣ್ಣುಪಾಲು, ಅಷ್ಟೇ ಆಗಿದ್ದರೆ ಹೇಳಿಬಿಡುತ್ತಿದ್ದೆನೇನೋ, ಆದರೆ ಇವಳು ಕೇಳದೆ ಬಿಡುವವಳಲ್ಲ, ಗುಂಡಿ ಒತ್ತಿದ್ದು ಯಾರು ತಾತ — ಯಾಕೆ ಬಾಯಿ ತೆರ್ಕೊಂಡು ಹಾಗೇ ಕೂತೆ, ನೀರು ಕೊಡ್ಲಾ, ಎನ್ನುತ್ತಿದ್ದಾಳೆ, ಇಷ್ಟು ವರ್ಷ ಹೇಳಹೊರಟ ಪ್ರತಿ ಸಲವೂ ಅಡ್ಡ ಬಂದು ನಿಲ್ಲುವುದು ಅದೊಂದೇ, ಗಿರಣಿ ಮೈದಾನದ ಮೂರನೇ ಸಾಲಿನಲ್ಲಿ ನನ್ನ ತಮ್ಮ, ತುಟಿ ಬಿಗಿದುಕೊಂಡು, ತಲೆ ಎತ್ತಿ ಹಾರ್ನ್ ನೋಡುತ್ತ, ಅದರೊಳಗೆ ಎಲ್ಲರಿಗಿಂತ ಎತ್ತರದಲ್ಲಿ ಅವನದೇ ಸೀಳುದನಿ, ಬೇಕು, ಬೇಕು — ಮೆಲ್ಲಗೆ ನನ್ನ ಕಡೆ ಕತ್ತು ತಿರುಗಿಸುತ್ತ